ಎರಡು ಬೆರಳು

ಆ ಫಿಲ್ಮನ್ನು ಅಕ್ಕ ಅಡುಗೆಮನೆಯ ಕಿಟಕಿಗೆ
ಟೇಪು ಹಚ್ಚಿ ಅಂಟಿಸಿದ್ದಾಳೆ.
ಬ್ಯಾಲರಾಟಿನ ಜುಲೈ ಬೆಳಕು, ಚಳಿಗೆ ಬಡವಾದದ್ದು,
ಅದರ ಹಿಂದೆ ಬಂದು ನಿಂತಾಗ
ಹದಿಮೂರು ವರ್ಷದ ಒಂದು ಎಡಗೈ
ಕಪ್ಪಿನೊಳಗಿಂದ ಬೆಳ್ಳಗೆ ಏಳುತ್ತದೆ.
ಮೂಲೆಯಲ್ಲಿ ಬಿಳಿ ಶಾಯಿ: ಗ್ಲೆನಿಸ್ ಟ್ರೆಂಬಾತ್, ೧೯೬೭.

ಗೆಣ್ಣುಗಳ ಹತ್ತಿರ ಒಂದೊಂದು ಸಂದು,
ಕೂದಲೆಳೆಯಷ್ಟು.
ಮೂಳೆ ಬೆಳೆಯುವುದು ಅಲ್ಲಿಂದಲೇ ಅಂತೆ.
ಮೆಲ್ಬರ್ನಿನ ಡಾಕ್ಟರು ಪೆನ್ನಿನ ತುದಿಯಿಂದ
ಆ ಸಂದುಗಳನ್ನು ಮುಟ್ಟಿ ಮುಟ್ಟಿ
ಕಣಿ ಹೇಳಿದರು: ಆರಡಿ ಒಂದೂವರೆ ಅಂಗುಲ.
ಅಮ್ಮ ಕೈಚೀಲ ಎದೆಗೆ ಅವುಚಿಕೊಂಡಳು,
ಸಾವಿನ ಸುದ್ದಿ ಕೇಳಿದವಳ ಹಾಗೆ.

ಅಮ್ಮನೂ ಎತ್ತರದವಳೇ.
ಶನಿವಾರದ ಡಾನ್ಸ್ ಹಾಲಿನಲ್ಲಿ ಗೋಡೆಗೊರಗಿ,
ಉದ್ದ ಲಂಗದೊಳಗೆ ಮಂಡಿ ಮಡಿಸಿ ಕುಳ್ಳಾಗಿ,
ಇಪ್ಪತ್ತೆಂಟರವರೆಗೆ ಕಾದವಳು.
ಮದುವೆಯ ಫೋಟೋದಲ್ಲೂ ಅಪ್ಪ ನಿಂತಿದ್ದಾನೆ, ಅವಳು ಕೂತಿದ್ದಾಳೆ.
ಬೈಯಲು ಬಾಯಿ ತೆರೆದಾಗಲೆಲ್ಲ
ಆ ಫೋಟೋ ಅಡ್ಡ ಬರುತ್ತದೆ ನನಗೆ.

ಮಾತ್ರೆ ಸಣ್ಣದು, ಬಿಳಿಯದು,
ಮೊಟ್ಟೆಯ ಬಟ್ಟಲಿನ ಪಕ್ಕ, ದಿನಾ ಬೆಳಿಗ್ಗೆ.
ಅಕ್ಕ ನುಂಗುತ್ತಿದ್ದಳು, ಸ್ಕೂಲ್ ಬಸ್ಸಿನ ಕಿಟಕಿಯಾಚೆ ಕಕ್ಕುತ್ತಿದ್ದಳು.
ರಾತ್ರಿ ಮೀನಖಂಡ ಹಿಡಿದುಕೊಂಡು ನರಳುವುದು
ಪಕ್ಕದ ಮಂಚಕ್ಕೆ ಕೇಳುತ್ತಿತ್ತು.
ತಿಂಗಳ ಮೊದಲ ಭಾನುವಾರ ಅವಳನ್ನು ಬಾಗಿಲಿಗೆ ನಿಲ್ಲಿಸಿ
ಅಪ್ಪ ತಲೆಯ ಮೇಲೆ ಪುಸ್ತಕವಿಟ್ಟು ಗೆರೆ ಎಳೆಯುತ್ತಿದ್ದ.
ಗೆರೆ ಮೇಲೇರದ ತಿಂಗಳು ಅಕ್ಕನಿಗೆ ಐಸ್ ಕ್ರೀಮು.
ನನಗೂ ಕೊಡುತ್ತಿದ್ದರು.
ನಾನು ತಿನ್ನುತ್ತಿದ್ದೆ.

ನನ್ನ ಸರದಿ ಬರುವ ಹೊತ್ತಿಗೆ
ಉಣ್ಣೆ ಗಿರಣಿ ಅಪ್ಪನನ್ನು ಮನೆಗೆ ಕಳಿಸಿತ್ತು.
ಡಾಕ್ಟರಿಗಿರಲಿ, ರೈಲಿಗೂ ದುಡ್ಡಿರಲಿಲ್ಲ.
ಅಷ್ಟೇ ಕಾರಣ.
ಬಡತನ ನನ್ನನ್ನು ಬೆಳೆಯಗೊಟ್ಟಿತು,
ಬೇಲಿಯಾಚೆಯ ನೀಲಗಿರಿಯನ್ನು ಯಾರೂ ಅಳೆಯದ ಹಾಗೆ.
ಈಗ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ
ಅವಳಿಗಿಂತ ನಾನು ಎರಡು ಬೆರಳು ಎತ್ತರ.
ಎರಡೇ.
ತೋರುಬೆರಳಿಗೆ ನಡುಬೆರಳು ಜೋಡಿಸಿದಷ್ಟು.

ನನಗೆ ಮೂವರು ಮಕ್ಕಳು.
ಅಕ್ಕ ಹನ್ನೊಂದು ವರ್ಷ ಕ್ಲಿನಿಕ್ಕುಗಳ ಬೆಂಚು ಸವೆಸಿದಳು.
ಮಾತ್ರೆಯ ಮಾತು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ,
ಎತ್ತರಕ್ಕೂ ಒಡಲಿಗೂ ಏನು ಸಂಬಂಧ ಅಂತ.
ನನ್ನ ರೊಸಾಲಿ ಹುಟ್ಟಿದಾಗ ನೋಡಲು ಬಂದವಳು
ಕೂಸನ್ನು ಎತ್ತಿಕೊಳ್ಳದೆ ಕೇಳಿದಳು, "ಎಷ್ಟುದ್ದ ಇದೆ?"
ನರ್ಸ್ ಹೇಳಿದಳು.
ಅಕ್ಕ ಕೋಟು ಹಾಕಿಕೊಂಡು ಹೊರಟಳು.

ಆಸ್ಪತ್ರೆಗೆ ಬರೆದ ಕಾಗದಕ್ಕೆ ಉತ್ತರ ಬಂದಿದೆ:
ಆ ವರ್ಷಗಳ ಕಡತ ಉಳಿದಿಲ್ಲ, ವಿಷಾದಿಸುತ್ತೇವೆ.
ಉಳಿದದ್ದು ಇದೊಂದು,
ಅಮ್ಮ ಹಾಸಿಗೆಯಡಿ ಬಚ್ಚಿಟ್ಟದ್ದು.
ಯಾಕೆ ಇಟ್ಟಳೋ.

ಅಕ್ಕ ಎದ್ದು ತನ್ನ ಅರವತ್ತೊಂಬತ್ತರ ಅಂಗೈಯನ್ನು
ಗಾಜಿನ ಮೇಲಿನ ಕೈಗೆ ತಾಗಿಸುತ್ತಾಳೆ.
ಗೆಣ್ಣುಗಳು ಊದಿವೆ, ಬೆರಳು ಸರಿಯಾಗಿ ಕೂರುವುದಿಲ್ಲ.
"ನೋಡು ಈ ಹುಡುಗೀನ," ಅನ್ನುತ್ತಾಳೆ, ನನಗಲ್ಲ,
"ಎಷ್ಟು ಚೆನ್ನಾಗಿ ಬೆಳೀತಿದ್ದಾಳೆ."

ಕೆಟಲು ಕೂಗುತ್ತದೆ.
ಎಲ್ಲಕ್ಕಿಂತ ಮೇಲಿನ ಕಪಾಟಿನ ಸಕ್ಕರೆ ಡಬ್ಬಿಗೆ
ನಮ್ಮಿಬ್ಬರಲ್ಲಿ ಯಾರಿಗೂ ಕುರ್ಚಿ ಬೇಡ.