ಕಟ್ಟಿಗೆ ಇಪ್ಪತ್ತೈದು

ಫಾರ್ಮಿನ ಏಳನೆಯ ಕಲಂ: ಚಿತ್ರದ ಭಾಷೆ.
ಒಂದನ್ನು ಮಾತ್ರ ಬರೆಯತಕ್ಕದ್ದು.
ಶಮೀಮಾ ಪೆನ್ನಿನ ಮುಚ್ಚಳ ಕಚ್ಚಿ, ಅದನ್ನು ಬಿಟ್ಟು
ಎಂಟಕ್ಕೆ ಹೋದಳು: ಅವಧಿ.
ಎಪ್ಪತ್ತೊಂದು ನಿಮಿಷ. ಅದಾದರೂ ಖಚಿತ ಅಂದುಕೊಂಡಿದ್ದೆವು.

ಶನಿವಾರ, ಬಂಗ್ರಮಂಜೇಶ್ವರದ ಬೀಡಿ ಬ್ರಾಂಚಿನಲ್ಲಿ
ಲೆಕ್ಕ ಕೊಟ್ಟು ಉಳಿದ ಹನ್ನೆರಡು ಹೆಂಗಸರಿಗೆ
ಹೊಗೆಸೊಪ್ಪಿನ ಗೋಣಿಗಳ ಮೇಲೆ ಬೆಡ್‌ಶೀಟು ಕಟ್ಟಿ ತೋರಿಸಿದೆವು.
ದೇಯಿಯಜ್ಜಿ ಎದುರಿಗೇ ಕೂತರು, ಮಡಿಲಲ್ಲಿ ತಡ್ಪೆ.
ಪರದೆಯಲ್ಲೂ ಅವರೇ, ಅದೇ ತಡ್ಪೆ,
ಹಿಂದೆ ಕಿಟಕಿ, ಕಿಟಕಿಯಾಚೆ ಹಳಿ.
ಹನ್ನೊಂದು ನಿಮಿಷ ಕ್ಯಾಮೆರಾ ಅಲುಗುವುದಿಲ್ಲ.
ಬರೀ ಕೈ. ಎಲೆ, ಕತ್ತರಿ, ಚಿಟಿಕೆ ಸೊಪ್ಪು,
ಉರುಟುವ ಹೆಬ್ಬೆರಳು, ನೂಲು.
ನಡುವೆ ದಾಟಿದ ಗೂಡ್ಸಿನ ಸದ್ದನ್ನೂ ಹಾಗೇ ಇಟ್ಟಿದ್ದೆವು,
ಕೇಳಿದವರಿಗೆ ಚರಿತ್ರೆ ಅನ್ನುತ್ತಿದ್ದೆವು.

ಚೌಕಟ್ಟಿನ ಹೊರಗಿಂದ ಶಮೀಮಾ:
ಐವತ್ತಾರನೇ ಇಸವಿ, ರಾಜ್ಯ ಬದಲಾದ ದಿನ, ನೆನಪುಂಟಾ?
"ಉಂಟಲ್ಲ. ಆ ದಿನ ಎಲೆ ಒದ್ದೆ.
ನೂರಕ್ಕೆ ಹದಿನೆಂಟು ತಳ್ಳಿಬಿಟ್ಟರು.
ಉಮ್ಮಾಲಿ ಅತ್ತಳು. ನಾನು ಅಳಲಿಲ್ಲ,
ಹದಿನಾಲ್ಕು ವರ್ಷ, ಹಟ."
ಉಮ್ಮಾಲಿ ಶಮೀಮಾಳ ಅಜ್ಜಿ.
ಚಿತ್ರ ಅದನ್ನು ಹೇಳುವುದಿಲ್ಲ.

ದೀಪ ಹಾಕಿದಾಗ ಯಾರೋ ಆಕಳಿಸಿ, ಮುಗೀತಾ ಅಂದರು.
ದೇಯಿಯಜ್ಜಿ, "ಇಪ್ಪತ್ನಾಲ್ಕು."
ಎಂತದಜ್ಜಿ?
"ಕಟ್ಟಿಗೆ ಇಪ್ಪತ್ತೈದು. ನಾನು ಸುತ್ತಿದ್ದೂ ಇಪ್ಪತ್ತೈದು.
ಇದರಲ್ಲಿ ಒಂದು ಕಮ್ಮಿ ಉಂಟು. ಎಲ್ಲಿ ಹೋಯಿತು?"
ಶಮೀಮಾ ನಕ್ಕಳು: ಸಿನಿಮಾದ ಲೆಕ್ಕವೇ ಇಪ್ಪತ್ನಾಲ್ಕು ಅಜ್ಜಿ, ಸೆಕೆಂಡಿಗೆ.
"ನಿಮ್ಮ ಕಂಪೆನಿ ಒಪ್ಪೀತು. ನಮ್ಮದರಲ್ಲಿ ಅದು ರಿಜೆಕ್ಟು."

ನನಗೆ ಗೊತ್ತಿತ್ತು.
ಹದಿನೇಳನೆಯದು. ಗೂಡ್ಸಿನ ಸದ್ದಿನಡಿ ಬೆಸುಗೆ ಅಡಗಿಸಿ
ನಾನೇ ಕತ್ತರಿಸಿದ್ದು.
ಸೊಪ್ಪಿನ ಧೂಳಿಗೆ ಕೆಮ್ಮು ಒತ್ತರಿಸಿ, ಮೈಕಿನ ಕೋಲು ಬಾಗಿ
"ಅಮ್ಮೇ" ಅಂದಿದ್ದೆ.
ಅಜ್ಜಿ ತಲೆ ಎತ್ತಿ, ಕ್ಯಾಮೆರಾ ದಾಟಿ, ನನ್ನನ್ನೇ ನೋಡಿ,
ಕೈ ನಿಲ್ಲಿಸದೆ:
"ವೆಳ್ಳಂ ವೇಣೋ ಮೋನೇ?"

ಆರು ದಿನ ಅವರ ಹತ್ತಿರ ತುಳುವೇ ಆಡಿದ್ದೆ,
ಶಮೀಮಾಳ ಹತ್ತಿರ ಕನ್ನಡ,
ಹೆಸರೂ ಸುಳಿವು ಕೊಡುವಂಥದ್ದಲ್ಲ.
ಚಂದ್ರಗಿರಿ ಹೊಳೆಯಾಚೆ, ಪೆರಿಯದ ನಮ್ಮ ಅಡುಗೆಮನೆಯವರೆಗೆ
ಒಂದು ಕೆಮ್ಮಿನ ದಾರಿ ಹಿಡಿದು ಬಂದುಬಿಟ್ಟಿದ್ದರು.
ಸೌಂಡ್ ಕೆಟ್ಟಿದೆ ಅಂತ ಬರೆದುಕೊಂಡು
ತೆಗೆದುಹಾಕಿದ್ದೆವು.

ಮತ್ತೆ ಸೇರಿಸಿದೆವು. ಇಪ್ಪತ್ತಾರು ಸೆಕೆಂಡು.
ಎಂಟನೆಯ ಕಲಂ ಹೊಡೆದು ತಿದ್ದಿದ್ದಾಯಿತು,
ಏಳನೆಯದು ಇನ್ನೂ ಖಾಲಿ.
ಪರದೆಯ ಎಡಮೂಲೆಯಲ್ಲಿ ಈಗ
ಚೊಂಬು ಹಿಡಿದ ಕೈಯೊಂದು ಬರುತ್ತದೆ,
ಯಾರದೆಂದು ಅಜ್ಜಿಗೂ ನೆನಪಿಲ್ಲ.
ಆಮೇಲೆ ನೀರು ಗಂಟಲಿಳಿಯುವ ಸದ್ದು,
ಮೈಕಿಗೆ ತೀರ ಹತ್ತಿರ.
ಸಬ್‌ಟೈಟಲ್ ಹಾಕಿಲ್ಲ.