ಇತರೆ

ಹಾಳೆಯಲ್ಲಿ ಕಾಲಂಗಳಿದ್ದವು: ಭಾವಗೀತೆ, ಜಾನಪದ ಗೀತೆ,
ಮಿಮಿಕ್ರಿ, ಕಂಠಪಾಠ, ಛದ್ಮವೇಷ.
ಅವನದಕ್ಕೆ ಇರಲಿಲ್ಲ.
ಕೆಳಗೊಂದು ಗೆರೆ ಎಳೆದು ‘ಇತರೆ’ ಎಂದು ಬರೆದೆ.
ತಿತಿಮತಿಯ ಶಾಲೆಯ ಹಾಲು, ಡಿಸೆಂಬರು,
ಕಿಟಕಿಯಾಚೆ ಕಣದಲ್ಲಿ ಕಾಫಿ ಹಣ್ಣಿನ ಹುಳಿ ವಾಸನೆ.

ಮೈಕು ಕೂಗಿತು: ಜೆ.ಕೆ. ಕಾಳಿಂಗ, ಹತ್ತನೇ ತರಗತಿ.
ಜೆ.ಕೆ. ಅಪ್ಪನ ಹೆಸರಲ್ಲ, ಊರಲ್ಲ, ಮನೆತನವಲ್ಲ;
ಜೇನುಕುರುಬ ಎಂದು ಬರೆದೂ ಬರೆದೂ
ಯಾವನೋ ಗುಮಾಸ್ತನ ಕೈಸೋತು ಉಳಿದ ಎರಡಕ್ಷರ.
ಹುಡುಗ ಅದನ್ನೇ ಟೀ ಶರ್ಟಿನೆದೆಗೆ
ಬೆಳ್ಳಿ ಪೇಂಟಿನಲ್ಲಿ ಬರೆದುಕೊಂಡು ಬಂದಿದ್ದ,
ಬಿರುದಿನ ಹಾಗೆ.

ಗೆಳೆಯನೊಬ್ಬ ನೀಲಿ ಪ್ಲಾಸ್ಟಿಕ್ ಕ್ಯಾನು ಬಡಿದ. ಇವನು ಶುರು:

ಹಕ್ಕುಪತ್ರ ಕೇಳಿದ್ರೆ ನಾಳೆ ಬಾ ಅಂತೀರಿ
ಲೆಕ್ಕದಲ್ಲಿ ಹುಲಿ ಉಂಟು, ನಮ್ಮನ್ನೇ ಬಿಡ್ತೀರಿ
ಚುಕ್ಕೆ ಜಿಂಕೆ ಎಣಿಸ್ಲಿಕ್ಕೆ ಮರಕ್ಕೊಂದು ಕ್ಯಾಮೆರಾ
ಸೊಕ್ಕಾ ಸಾರ್ ಇದು? ಒಳಗುಂಟು ನಮ್ಮಜ್ಜನ ಗೋರಿ!

ಎರಡನೆಯ ಅಕ್ಷರ ನೋಡಿ. ಕ್ಕ, ಕ್ಕ, ಕ್ಕೆ, ಕ್ಕಾ.
ಆದಿಪ್ರಾಸ ಎಂದು ಜೂನಿನಲ್ಲಿ ಬೋರ್ಡಿನ ಮೇಲೆ ಬರೆದಾಗ
ಹಿಂದಿನ ಬೆಂಚಿನಲ್ಲಿ ಇವನು ನಿದ್ದೆ ಹೋಗಿದ್ದ,
ಅಥವಾ ನಾನು ಹಾಗೆ ತಿಳಿದಿದ್ದೆ.

ಆಮೇಲೆ ಆ ಪದ ಬಂತು.
ಗೋಣಿಕೊಪ್ಪದ ಮಕ್ಕಳೆಲ್ಲ ಬಲ್ಲ, ಯಾರೂ ಬರೆಯದ ಪದ.
ಪಕ್ಕದ ಕುರ್ಚಿಯ ಸಂಗೀತ ಮೇಷ್ಟ್ರು ಕಿವಿಯಲ್ಲಿ ಹೇಳಿದರು,
‘ಅಮೇರಿಕಾದ ಕಸ. ನಮ್ಮ ಸಂಸ್ಕೃತಿಯಲ್ಲ.’
ಆ ‘ನಮ್ಮ’ದೊಳಗೆ ಎಷ್ಟು ಜನ ಎಂದು ನಾನು ಕೇಳಲಿಲ್ಲ.
ಕೆಂಪು ಪೆನ್ನು ತೆಗೆದೆ.

ಎರಡನೇ ಸುತ್ತಿನಲ್ಲಿ ಹುಡುಗಿಯರನ್ನು ಬೈದ.
ಅದು ಫೋನಿನಿಂದ ಇಳಿಸಿಕೊಂಡದ್ದು, ಧ್ವನಿಯೂ ಅವನದಲ್ಲ.
ಅಲ್ಲಿ ಪೆನ್ನು ಅಳುಕಲಿಲ್ಲ, ಈಗಲೂ ಅಳುಕುವುದಿಲ್ಲ.
ಎರವರ ಅಮ್ಮಿಣಿ ನನಗಿಂತ ಮೊದಲೇ ಹೇಳಿದ್ದಳಂತೆ
ಕೊಳಾಯಿಯ ಹತ್ತಿರ, ತಟ್ಟೆ ತೊಳೆಯುತ್ತ:
‘ಅದು ನಿನ್ನ ಬೈಗುಳ ಅಲ್ಲ ಮಾರಾಯ, ಬಾಡಿಗೆಯದ್ದು.’

ಸ್ಪರ್ಧೆ ಮುಗಿದ ಮೇಲೆ ಕರೆದು ಪಾಠ ಹೇಳಿದೆ.
ದೂರದ ಊರಲ್ಲಿ ರಸ್ತೆ ಹಾಯಿಸಲು ಮನೆ ಕೆಡವಿದರು,
ಉಳಿದ ಕರಿಯ ಮಕ್ಕಳು ಬೀದಿದೀಪದ ಕಂಬದಿಂದ
ಕರೆಂಟು ಎಳೆದು ಪೆಟ್ಟಿಗೆಗಳನ್ನು ಹಾಡಿಸಿದರು,
ಹೀಗೆ ಹುಟ್ಟಿತು ನಿನ್ನ ಹಿಪ್ ಹಾಪ್.
ಅವನು ಕೇಳಿಸಿಕೊಂಡ, ಹೆಬ್ಬೆರಳಿನಿಂದ ನೆಲ ಕೆರೆದ.
‘ಅವರಿಗೆ ಕಂಬವಾದರೂ ಇತ್ತಲ್ಲ ಟೀಚರ್.’

ನಾವು ಹಾಡಿ ಎಂದರೆ
ಹಾಡಿ ಮುಗಿಸಿದ್ದು ಎಂದೇ ತಿಳಿಯುತ್ತೇವೆ.
ಅವನಿಗೆ ಅದು ವಿಳಾಸ,
ಆನೆಚೌಕೂರಿನ ಗೇಟಿನವರು ದಿನಾ ಕೇಳುವ ವಿಳಾಸ.

ಬಹುಮಾನ ಭಾವಗೀತೆಗೆ ಹೋಯಿತು. ಚೆನ್ನಾಗಿಯೇ ಹಾಡಿದ್ದಳು.

ಮೇ ತಿಂಗಳು. ಗೋಣಿಕೊಪ್ಪ ಬಸ್ ಸ್ಟ್ಯಾಂಡು. ಕುಂಡೆ ಹಬ್ಬ.
ಕಾಡಿನಿಂದ ಕರೆತಂದು ನಡುದಾರಿಯಲ್ಲಿ ಕೈಬಿಟ್ಟು
ಹೆಣ್ಣಿನ ಹಿಂದೆ ಹೋದ ದೇವರನ್ನು
ಬಾಯಿ ತುಂಬ ಬೈಯುವ ದಿನ.
ನೈಟಿ ತೊಟ್ಟ ಗಂಡಸರು, ಮಸಿ ಬಳಿದ ಮುಖ,
ಸೋರೆ ಬುರುಡೆ, ತಗಡಿನ ಡಬ್ಬ, ಅದೇ ನೀಲಿ ಕ್ಯಾನು.
ಬಸ್ಸು ಅಡ್ಡಗಟ್ಟಿ ಅದೇ ಪದ,
ಹತ್ತಲ್ಲ, ನೂರು ಸಲ.
ಕಂಡಕ್ಟರು ನಕ್ಕ. ಪೊಲೀಸಿನವನೂ ನಕ್ಕು ಐದು ರೂಪಾಯಿ ಕೊಟ್ಟ.
ಪ್ರತಿ ವರ್ಷ ನಾನೂ ಕೊಟ್ಟಿದ್ದೇನೆ,
ಬೈಸಿಕೊಂಡು, ಪುಣ್ಯ ಎಂದುಕೊಂಡು.

ಕಿಟಕಿಗೆ ಒಂದು ಕೈ ಬಂತು, ಬಳೆ ತುಂಬಿದ ಕೈ.
ಲಿಪ್‌ಸ್ಟಿಕ್ ಗಲ್ಲಕ್ಕೆ ಹರಿದಿತ್ತು.
‘ಇವತ್ತು ಮಾರ್ಕು ಕಟ್ ಇಲ್ಲ ಅಲ್ವಾ ಟೀಚರ್?’

ಚೀಲದಲ್ಲಿ ನೋಟು ಸಿಗಲಿಲ್ಲ, ಕೆಂಪು ಪೆನ್ನು ಸಿಕ್ಕಿತು.
ಬಸ್ಸು ಹೊರಟುಬಿಟ್ಟಿತು.
ಹಿಂದೆ ಕ್ಯಾನಿನ ಸದ್ದು, ಮೂರು ಪೆಟ್ಟು, ನಾಲ್ಕು, ಮೂರು,
ಒಂದು ಕಡೆ ಒಂದು ಮಾತ್ರೆ ಕಡಿಮೆ.
ಮತ್ತೆ ಎಣಿಸಿದೆ.
ಅಲ್ಲಿ ಅವನು ಉಸಿರೆಳೆದುಕೊಳ್ಳುತ್ತಿದ್ದ.