ಎಂಟು, ಆಮೇಲೆ ಏಳು

ಸೊಲ್ಲಾಪುರಕ್ಕ ಕನ್ನಡ ಪಿಚ್ಚರ್ ಬರೋದು ಅಪರೂಪ,
ಬಂದರೂ ರವಿವಾರ ಮುಂಜಾನೆ ಒಂದೇ ಆಟ.
ಹೀರೋನ ಹೆಸರು ಯಾರಿಗೂ ನೆನಪಿಲ್ಲ,
ಮುಂದ ಯಾವ ಪಿಚ್ಚರಿನ್ಯಾಗೂ ಅಂವ ಕಾಣಲಿಲ್ಲ.
ಹೀರೋಯಿನ್ನಿಗೆ ಒಂದು ಹಲ್ಲು ವಾರಿ ಇತ್ತು,
ಮನಸಾರೆ ನಕ್ಕರ ಮಾತ್ರ ಗೊತ್ತಾಗತಿತ್ತು.

ಕತಿ ಅಂದ್ರ ಇಷ್ಟ:
ಅಂವ ಗೋಡೆಗೊಂದು ಗಡಿಯಾರ ತಂದ.
ಅದು ಢಣ್ ಅಂದಾಗೊಮ್ಮೆ
"ಹಾಲು ಕಾಸಿದಿ? ಬಾಗಲಾ ಹಾಕಿದಿ?" ಅಂತ ಕೇಳಾಂವ.
ಏಳನೇ ರೀಲಿನ್ಯಾಗ ಅಕಿ ಅದನ್ನ ಬಾವಿಗೆ ಒಗೀತಾಳ.
ಎಂಟರಾಗ ಇಬ್ಬರೂ ಪಾತಾಳಗರಡಿ ಬಿಟ್ಟು ಮ್ಯಾಲೆತ್ತತಾರ,
ನೀರು ಸೋರೋ ಗಡಿಯಾರ ನೋಡಿ ಬಿದ್ದು ಬಿದ್ದು ನಗತಾರ.
ಒಂಬತ್ತರಾಗ ಫೋಟೋ ಸ್ಟುಡಿಯೋ, ಶುಭಂ.

ಇದೆಲ್ಲ ಈಗ ಗೊತ್ತು.
ಅವತ್ತು ಆಪರೇಟರ್ ಪಂಢರಪುರದ ಕಡಿಯವ.
ಡಬ್ಬಿ ಮ್ಯಾಲಿನ ೭ ಯಾವುದು ೮ ಯಾವುದು,
ಅವಗೆಲ್ಲಿ ತಿಳೀಬೇಕು?
ಎಂಟು ಮೊದಲ ಏರಿಸಿದ.

ಹಂಗಾಗಿ ಮೊದಲ ನಕ್ಕರು.
ಗಡಿಯಾರ ತಾನ ಹೋಗಿ ಗೋಡೆ ಸೇರಿತು.
ಆಮೇಲೆ ಜಗಳ, ಬಾವಿ,
ಒಗದ ಕೈಲೇ ಸೆರಗು ಸರಿ ಮಾಡಿಕೊಂಡು
ಫೋಟೋಕ್ಕ ಅವನ ಪಕ್ಕ ಕುಂತಳು.
ಥೇಟರ್ ತುಂಬ ಚಾದರ ಮಿಲ್ಲಿನ ಮಂದಿ.
ಒಬ್ಬರೂ ಸೀಟಿ ಹೊಡೀಲಿಲ್ಲ, ರೊಕ್ಕ ವಾಪಸ್ ಕೇಳಲಿಲ್ಲ.
ಹಿಂದಿನ ಸಾಲಿನ ಮುದುಕಿಯೊಬ್ಬಾಕಿ ಅಂದಳು:
"ಖರೇ ಐತಿ."

ಆಗ ನನ್ನ ಮದುವ್ಯಾಗಿ ಐದು ತಿಂಗಳು.
ಇವರ ಹೆಸರು ಒಡಪು ಹಾಕದ ಹೇಳತೀನಿ, ಮಲಕಾಜಪ್ಪ.
ಮೂರು ದಿನ ಮಾತಾಡಿರಲಿಲ್ಲ ಇವರು. ನಾನೂ.
ಟಿಕೀಟು ನೆಗೆಣ್ಣಿ ತಗಿಸಿದ್ದು.
ಇಂಟರ್‌ವಲ್ಲಿಗೆ ಎದ್ದು ಹೋದವರು
ಶೇಂಗಾದ ಪೊಟ್ಟಣ ತಂದು ನನ್ನ ಉಡ್ಯಾಗ ಇಟ್ಟು
ಖಾಲಿ ಪರದೇ ನೋಡತಾ ಕುಂತರು.
ಜಗಳ ಯಾತಕ್ಕಿತ್ತೋ, ಅದು ಮುಗೀಲಿಲ್ಲ.
ಶೇಂಗಾ ಮುಗದವು.

ಮಿಲ್ಲಿನ ಭೋಂಗಾ ನಿಂತು ಎಷ್ಟೋ ವರ್ಷಕ್ಕ
ಮೊಮ್ಮಗಳು ಫೋನಿನ್ಯಾಗ ಹುಡುಕಿ ಕೊಟ್ಟಳು.
ರೀಲೆಲ್ಲ ಸಾಲಾಗಿ ಅದಾವು:
ಸಿಟ್ಟು, ಕಣ್ಣೀರು, ತಪ್ಪಾತು ಅನ್ನೋದು, ನಗು,
ಕಿರಾಣಿ ಅಂಗಡಿ ಲೆಕ್ಕದಂಗ ಒಂದರ ಕೆಳಗೊಂದು.
ಇವರು ಚಸ್ಮಾ ಒರಸಿ ಒರಸಿ ನೋಡಿದರು.
"ಇದು ಅದಲ್ಲ. ಯಾರೋ ತಿದ್ಯಾರ."

ನಾ ಬೆರಳಿಲೆ ಜಗ್ಗಿ
ನಗೋದನ್ನ ಮುಂದ ತಂದೆ, ಬಾವಿ ಆಮೇಲೆ.
ಆಗ ಕಂಡಿತು ವಾರಿ ಹಲ್ಲು.
ಚಹಾಕ್ಕ ಸಕ್ಕರಿ ಕಡಿಮಿ ಅಂತ
ಮುಂಜಾನಿಂದ ಮಾರಿ ಗಂಟು ಹಾಕಿದವರು
"ಜಗಳ ಮುಗೀತೇನ?" ಅಂದರು.

ಯಾವುದು ಅಂತ ನಾ ಕೇಳಲಿಲ್ಲ.
ತುಸು ಸರದು ಕುಂದರ್ರಿ, ಕಾಣವಲ್ದು, ಅಂದೆ.